ಒಂದು ಹೂವಿಗೆ ಒಂದು ಒಲೆ

ನಮ್ಮ ಮನೆಯ ಹೂವು ಹೊರಟಿದೆ ಎಂದು ಮೊದಲು ಗಮನಿಸಿದವರು ನನ್ನ ಗಂಡ ಜಟ್ಟಪ್ಪ. ಬೆಳಗಿನ ಉಬ್ಬರ ಇಳಿಯುತ್ತಿತ್ತು. ಅಡಿಗೆಮನೆಯ ಹಾಸುಗಲ್ಲಿನ ಮೇಲೆ ಇನ್ನೂ ಕಾಲ್ಬೆರಳು ಮುಳುಗುವಷ್ಟು ನೀರಿತ್ತು. ಗಂಜಿಗೆ ಕೂತವರು ಬಟ್ಟಲು ಪಕ್ಕಕ್ಕಿಟ್ಟು ಒಲೆಯ ಬುಡಕ್ಕೆ ಬಗ್ಗಿದರು.

"ಹೊನ್ನಿ, ಮೊನ್ನೆ ಒಲೆಗೂ ಹೂವಿಗೂ ಮಧ್ಯ ನಾಲ್ಕು ಬೆರಳು ಜಾಗ ಇತ್ತು. ಈಗ ಒಂದು ಗೇಣು ಉಂಟು."

"ಒಲೆ ಸರಿದಿರ್ಬೇಕು," ಎಂದೆ.

"ಕಲ್ಲಿನ ಒಲೆ ಸರೀತದಾ ಮಾರಾಯ್ತಿ?"

ನಮ್ಮೂರಲ್ಲಿ ಸಮುದ್ರ ದಿನಕ್ಕೆರಡು ಸಲ ಮನೆಯೊಳಗೆ ಬಂದು ಹೋಗುತ್ತದೆ. ಓಣಿಯ ನಡುವಿನ ತೋಡಿನಿಂದ ಪ್ರತಿ ಅಡಿಗೆಮನೆಗೂ ಒಂದೊಂದು ಸಣ್ಣ ಕಾಲುವೆ. ಉಬ್ಬರದಲ್ಲಿ ನೀರು ಬಂದು ನೆಲವನ್ನೆಲ್ಲ ನೆನೆಸಿ, ಇಳಿತಕ್ಕೆ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಆ ನೆಲದಲ್ಲಿ ಮನೆಗೊಂದು ಕಡಲಹೂವು. ಹೂವಿನಿಂದ ಒಂದು ಮೊಳದೊಳಗೆ ಒಲೆ ಇರಬೇಕು. ಹೂವು ಬಾಯಿ ಬಿಡದ ದಿನ ಬೆಂಕಿ ಹಾಕುವ ಹಾಗಿಲ್ಲ, ಹೂವಿಲ್ಲದ ಮನೆಗೆ ಒಲೆಯೇ ಇಲ್ಲ. ಹೂವು ತಾನಾಗಿ ಸೀಳಿ ಎರಡಾದರೆ ಅಣ್ಣತಮ್ಮಂದಿರು ಬೇರೆ ಅಡಿಗೆ ಮಾಡಿಕೊಳ್ಳುತ್ತಾರೆ. ಸೀಳದಿದ್ದರೆ ಎಷ್ಟು ಕಚ್ಚಾಡಿದರೂ ಒಂದೇ ಪಾತ್ರೆಯ ಅನ್ನ. ಹೂವು ನಡೆಯತೊಡಗಿದರೆ ಯಾರೂ ಅಡ್ಡ ಬರಬಾರದು, ಒಲೆಯನ್ನು ಅದರ ಹಿಂದೆ ಒಯ್ಯಬೇಕು.

ಹೂವು ಎಂದರೆ ಮುಷ್ಟಿಗಾತ್ರದ ಕಾಂಡ, ಮೇಲೆ ಹಸಿರು ಛಾಯೆಯ ನೂರಾರು ಎಸಳು, ನಡುವೆ ಸೀಳಿದಂಥ ಬಾಯಿ. ನೀರಿದ್ದಾಗ ಬಿಚ್ಚಿಕೊಂಡು ತೂಗುತ್ತದೆ. ನೀರಿಳಿದರೆ ಎಸಳೆಲ್ಲ ಒಳಗೆಳೆದುಕೊಂಡು, ಮೈಗೆ ಮರಳು, ಚಿಪ್ಪಿನ ಚೂರು ಅಂಟಿಸಿಕೊಂಡು, ಯಾರೋ ನೆಲಕ್ಕೆ ಬೀಳಿಸಿ ಮರೆತ ಬೆಲ್ಲದ ಉಂಡೆಯ ಹಾಗೆ ಕೂತುಬಿಡುತ್ತದೆ. ಸಿಗಡಿ ಕೊಟ್ಟರೆ ಎಸಳುಗಳು ಒಂದೊಂದಾಗಿ ಬಾಗಿ ಅದನ್ನು ಬಾಯಿಗೆ ಸಾಗಿಸುತ್ತವೆ. ಮರುದಿನ ಅದೇ ಬಾಯಿಂದ ಸಿಪ್ಪೆಯನ್ನು ಉಗುಳುತ್ತದೆ. ಬೇರೆ ದಾರಿ ಅದಕ್ಕಿಲ್ಲ. ಬೆರಳು ಕೊಟ್ಟರೆ ಹಿಡಿದುಕೊಳ್ಳುತ್ತದೆ, ಬೆರಳು ಚುಮುಚುಮು ಎನ್ನುತ್ತದೆ.

ಅಂದಿನಿಂದ ನಾನು ಅದರ ಪಕ್ಕದಲ್ಲಿ ದಿನಕ್ಕೊಂದು ಹುಣಸೆಬೀಜ ಇಡತೊಡಗಿದೆ. ಒಂದು ದಿನ ಒಂದು ಬೆರಳು, ಒಂದು ದಿನ ಎರಡು ಬೆರಳು, ಕೆಲವು ದಿನ ಏನೂ ಇಲ್ಲ. ಅದು ಹೇಗೆ ನಡೆಯುತ್ತದೆಂದು ನೋಡಲು ಕೆನ್ನೆಯನ್ನು ನೆಲಕ್ಕೆ ತಾಗಿಸಿ ಮಲಗಿದ್ದೂ ಉಂಟು. ಪಾದದ ಒಂದು ಅಂಚು ತೆಳ್ಳಗಾಗಿ ಮುಂದೆ ಚಾಚುತ್ತದೆ, ಅಂಟಿಕೊಳ್ಳುತ್ತದೆ, ಆಮೇಲೆ ಉಳಿದ ಮೈ ಅತ್ತ ಹರಿಯುತ್ತದೆ. ಕಣ್ಣಿಲ್ಲ, ಮೂಗಿಲ್ಲ. ಆದರೂ ಹುಣಸೆಬೀಜದ ಸಾಲು ನೇರವಾಗಿ ಬಾಗಿಲಿಗೆ ಹೋಗುತ್ತಿತ್ತು.

"ಪಕ್ಕದ ದುಗ್ಗಣ್ಣ ಮನೆಯ ಮಾಡು ಎತ್ತರಿಸಿದನಲ್ಲ, ನಮ್ಮ ಬೆಳಕಿಂಡಿಗೆ ಬಿಸಿಲೇ ಇಲ್ಲ. ಹೂವು ಬಿಳಿಚಿಕೊಂಡಿದೆ ನೋಡು. ಬೆಳಕು ಹುಡುಕಿ ಹೋಗ್ತಾ ಉಂಟು," ಎಂದರು ಇವರು.

ಇರಬಹುದು. ಆದರೆ ನಮ್ಮ ಬಾಗಿಲಿನ ಎದುರು, ಓಣಿ ದಾಟಿದರೆ, ನನ್ನ ಅಕ್ಕ ಮಂಕಾಳಿಯ ಮನೆ. ಅಮ್ಮನ ಮನೆ. ಅಲ್ಲಿಯ ಅಡಿಗೆಮನೆಯಲ್ಲಿ ಅಮ್ಮನ ಹೂವು. ಬೀಜದ ಸಾಲು ನೋಡಿದಾಗೆಲ್ಲ ಅದನ್ನು ಹೆಕ್ಕಿ ಎಸೆದುಬಿಡಬೇಕೆನಿಸುತ್ತಿತ್ತು. ಯಾಕೆಂದು ಈಗಲೇ ಹೇಳಿಬಿಡುತ್ತೇನೆ.

ನಾನು ಮದುವೆಯಾಗಿ ಬಂದ ವರ್ಷವೇ ಈ ಮನೆಯ ಹೂವು ಸತ್ತಿತ್ತು. ಮಳೆನೀರು ಕಾಲುವೆಗೆ ನುಗ್ಗಿ ನಿಂತಿತು. ಸಿಹಿನೀರು ಹೂವಿಗೆ ವಿಷ. ಅಲ್ಲಿಂದ ಮೂರು ವರ್ಷ ನಾವಿಬ್ಬರೂ ಇವರ ಚಿಕ್ಕಪ್ಪನ ಮನೆಯಲ್ಲಿ ಉಂಡೆವು. ಎಲ್ಲರದ್ದೂ ಆದಮೇಲೆ ನನ್ನ ಸರದಿ. ಒಂದು ದಿನವೂ ನನಗೆ ಬೇಕಾದ ಸಾರು ನಾನು ಮಾಡಿದ್ದಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಕ್ಕನನ್ನು ಕೇಳಿದೆ, "ಅಮ್ಮನ ಹೂವಲ್ಲಿ ನನಗೊಂದು ಪಾಲು ಕೊಡ್ತಿಯಾ?" ಅಕ್ಕ ಕೆಟ್ಟವಳಲ್ಲ. "ಅದು ತಾನಾಗಿ ಒಡೆದ ದಿನ ಪಾಲು ನಿನಗೇ ತಂಗಿ. ಕೈ ಹಾಕ್ಲಿಕ್ಕೆ ನಾನು ಯಾರು?" ಎಂದಳು. ನಾನು ಕಾದೆ. ಹೂವು ಒಡೆಯಲಿಲ್ಲ, ಅಲುಗಲೂ ಇಲ್ಲ. ಒಂದು ಮಧ್ಯಾಹ್ನ, ಇಳಿತದ ಹೊತ್ತು, ಅಕ್ಕ ಚಿಪ್ಪು ಆರಿಸಲು ಹೋಗಿದ್ದಾಗ ಹಿಂಬಾಗಿಲಿನಿಂದ ಹೋಗಿ, ಕಲ್ಲಿನಿಂದ ಚಿಪ್ಪು ಎಬ್ಬಿಸುವ ಕತ್ತಿಯನ್ನು ಹೂವಿನ ಪಾದದ ಕೆಳಗೆ ತೂರಿಸಿ ಉಗುರಿನಷ್ಟು ಚೂರು ಕೊಯ್ದೆ. ತೆಂಗಿನ ಗೆರಟೆಯಲ್ಲಿ ಉಪ್ಪುನೀರು ಹಾಕಿ ತಂದೆ. ಎರಡು ತಿಂಗಳಲ್ಲಿ ಆ ಚೂರಿಗೆ ಬಾಯಿ ಬಂತು, ಬಾಯಿಯ ಸುತ್ತ ಎಸಳು ಬಂತು. ಅಪರೂಪಕ್ಕೊಮ್ಮೆ ಯಾರಿಗಾದರೂ ಸಿಗುವ ಹಾಗೆ ಹೊರಗಿನ ಕಡಲಬಂಡೆಯಿಂದ ಸಿಕ್ಕಿತು, ತಂದೆ ಎಂದು ಊರಿಗೆಲ್ಲ ಹೇಳಿದೆ. ಇವರಿಗೂ ಅದನ್ನೇ ಹೇಳಿದೆ.

ಅಮ್ಮನ ಹೂವು ಕೊಯ್ದ ದಿನ ಮುಚ್ಚಿದ್ದು ನಲವತ್ತು ದಿನ ತೆರೆಯಲಿಲ್ಲ. ಅಕ್ಕನ ಮನೆಯಲ್ಲಿ ನಲವತ್ತು ದಿನ ಒಲೆ ಉರಿಯಲಿಲ್ಲ. ಆ ಮಧ್ಯಾಹ್ನ ಮನೆಯಲ್ಲಿದ್ದವಳು ಮುಂದಿನ ಜಗಲಿಯಲ್ಲಿ ಮಲಗಿದ್ದ ಕುಸಲಿ ಒಬ್ಬಳೇ. ಕುಸಲಿ ಎಂದರೆ ಬಾವನ ತಂಗಿ, ಮನೆಯಳಿಯನಾಗಿ ಬಂದ ಅಣ್ಣನ ಜೊತೆಗೆ ಬಂದು ಉಳಿದವಳು. ಆಗ ಇಪ್ಪತ್ತೆರಡು ವರ್ಷ ಇರಬೇಕು. ಬಿಸಿ ಗಂಜಿ ತಿಳಿ ಚೆಲ್ಲಿ ಹೂವು ಸುಟ್ಟಳು ಎಂದು ಅಕ್ಕ ಹೇಳಿದಳು. ಬಾವ ಬಾಯಿ ಬಿಡಲಿಲ್ಲ. ಕುಸಲಿ ಬಟ್ಟೆಯ ಗಂಟು ಕಟ್ಟಿಕೊಂಡು ಉಪ್ಪಿನ ಆಗರಕ್ಕೆ ಹೋದಳು. ಅಲ್ಲಿಯ ಗಟ್ಟಿ ಉಪ್ಪುನೀರಿನಲ್ಲಿ ಹೂವು ಬದುಕುವುದಿಲ್ಲ. ಹೂವಿಲ್ಲ, ಹಾಗಾಗಿ ಒಲೆಯಿಲ್ಲ. ಆಗರದವರು ನೆನೆಸಿದ ಅವಲಕ್ಕಿ, ಒಣಮೀನು, ತೆಂಗಿನಕಾಯಿ ತಿಂದು ದಿನ ಕಳೆಯುತ್ತಾರೆ. ಇದಾಗಿ ಹನ್ನೊಂದು ವರ್ಷ.

ಚಳಿಗಾಲದ ಹೊತ್ತಿಗೆ ಹೂವು ಹೊಸ್ತಿಲು ದಾಟಿತು. ಒಲೆಯೂ ದಾಟಿತು. ಓಣಿಯಲ್ಲಿ ಅಡಿಗೆ ಮಾಡುವುದು ಮೊದಲೆರಡು ದಿನ ನಾಚಿಕೆಯಾಯಿತು, ಆಮೇಲೆ ಅಭ್ಯಾಸವಾಯಿತು. ಕೈಗಾಡಿಯವರು ಬಳಸಿಕೊಂಡು ಹೋಗಲು ಕಲಿತರು. ಹಾದುಹೋಗುವವರೆಲ್ಲ ಮುಚ್ಚಳ ಎತ್ತಿ ನೋಡುವವರೇ. "ಬಂಗಡೆಗೆ ಹುಳಿ ಸ್ವಲ್ಪ ಕಡಿಮೆ ಆಯ್ತು" ಎಂದು ನನಗೆ ಗೊತ್ತಿಲ್ಲದವರೂ ಹೇಳಿಹೋದರು.

ಓಣಿಯಲ್ಲಿ ದುಗ್ಗಣ್ಣನ ಹೂವು ಎದುರಾಯಿತು. ಅವನ ಹೂವು ಕಾಲುವೆಯ ಬಾಯಲ್ಲೇ ಕೂರುವಂಥದ್ದು. ಉಬ್ಬರದ ನೀರಿನಲ್ಲಿ ಎರಡರ ಎಸಳಿನ ತುದಿ ಒಂದಕ್ಕೊಂದು ತಾಗಿದ್ದೇ ತಡ, ಎರಡೂ ಹಿಂದಕ್ಕೆ ಎಳೆದುಕೊಂಡವು. ಸ್ವಲ್ಪ ಹೊತ್ತಿಗೆ ಎರಡರ ಕೊರಳ ಸುತ್ತಲೂ, ಎಸಳಿನ ಕೆಳಗೆ, ಬಿಳಿ ಮಣಿಗಳು ಉಬ್ಬಿ ಬಂದವು. ಆಮೇಲೆ ನಮ್ಮದು ಮೈ ಉದ್ದ ಮಾಡಿ, ಬಾಗಿ, ಆ ಮಣಿಗಳನ್ನು ದುಗ್ಗಣ್ಣನ ಹೂವಿನ ಮೇಲೆ ಒತ್ತಿತು. ಎತ್ತಿದಾಗ ಮಣಿಯ ಸಿಪ್ಪೆ ಅಲ್ಲೇ ಅಂಟಿಕೊಂಡಿತ್ತು, ಅದರ ಕೆಳಗಿನ ಮೈ ಕಪ್ಪಗಾಗಿತ್ತು. ಎರಡು ದಿನ ಹೀಗೇ ನಡೆಯಿತು. ಓಣಿಯವರೆಲ್ಲ ಕುಕ್ಕುರುಗಾಲಲ್ಲಿ ಕೂತು ನೋಡಿದರು. ಮೂರನೆಯ ದಿನ ದುಗ್ಗಣ್ಣನ ಹೂವು ಒಳಗೆ ಸರಿದುಹೋಯಿತು.

"ನಿನ್ನ ಹೂವಿಗೆ ಸ್ವಲ್ಪ ಬುದ್ಧಿ ಹೇಳು ಹೊನ್ನಿ," ಎಂದ ದುಗ್ಗಣ್ಣ ಮುಖ ಊದಿಸಿಕೊಂಡು.

ಹೂವಿನ ವಿಷಯದಲ್ಲಿ ನಮ್ಮೂರಿಗೆ ಸಣ್ಣಜ್ಜಿಯ ಮಾತೇ ಕೊನೆ. ಅವಳು ಕೋಲೂರಿಕೊಂಡು ನಿಂತು ನಕ್ಕಳು. "ಹೂವಿಗೆ ಪರಕೀಯರು ಗೊತ್ತಾಗ್ತಾರೆ ಮಗ. ಬೇರೆ ಹೂವು ಅಂದ್ರೆ ಹೊಡೀಲೇಬೇಕು. ತನ್ನದೇ ಮೈಯ ತುಂಡಾದ್ರೆ ಮಾತ್ರ ಸುಮ್ಮನಿರ್ತದೆ."

ಈ ಮಾತು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಜಗಳದ ದಣಿವಿಗೋ ಏನೋ, ಓಣಿಯ ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಹೂವು ಹದಿನೈದು ದಿನ ಕದಲಲಿಲ್ಲ. ಅಲ್ಲೇ ನಿಂತುಬಿಡಲಿ ಎಂದು ಹರಕೆ ಹೊತ್ತೆ. ಹದಿನಾರನೆಯ ದಿನ ಮತ್ತೆ ಹೊರಟಿತು. ಅಕ್ಕನಿಗೆ ಬೇರೆಯೇ ಚಿಂತೆ. ಸಂಜೆ ಬಂದು ನನ್ನ ಒಲೆಯ ಪಕ್ಕ ಕೂರುತ್ತಿದ್ದಳು.

"ಹೊನ್ನಿ, ನಿನ್ನ ಹೂವು ಗಟ್ಟಿ ಉಂಟು. ಅಮ್ಮನ ಹೂವಿಗೆ ವಯಸ್ಸಾಯ್ತು. ಹೊಡೆದ್ರೆ ತಡಕೊಳ್ತದಾ?"

"ಅಲ್ಲಿವರೆಗೆ ಹೋಗ್ಲಿಕ್ಕಿಲ್ಲ ಬಿಡು," ಎಂದೆ.

"ಹೋದ್ರೆ?"

ನಾನು ಒಲೆ ಊದಿದೆ.

ಅದು ಅಕ್ಕನ ಮೆಟ್ಟಿಲು ಮುಟ್ಟಲು ಎರಡು ಮೊಳ ಇದ್ದಾಗ ಬೇಸಗೆಯ ಮೊದಲ ಮಳೆ ಬಂತು. ನೀರಿಳಿದ ಹೊತ್ತು. ಹೂವು ಬರಿಯ ಕಲ್ಲಿನ ಮೇಲಿತ್ತು, ಇದ್ದಕ್ಕಿದ್ದ ಹಾಗೆ ಮೋಡ ಕವಿಯಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಪಕ್ಕದಲ್ಲೇ ಮಳೆಗೆ ಹೊದೆಯುವ ಗರಿಯ ಗೊರಬೆ ನೇತಾಡುತ್ತಿತ್ತು. ಅದನ್ನು ತೆಗೆದುಕೊಳ್ಳದೆ ಸುಮ್ಮನೆ ನಿಂತರೆ ಸಾಕಿತ್ತು. ಮಳೆ ನೋಡಿಕೊಳ್ಳುತ್ತಿತ್ತು, ನನ್ನ ಕೈಗೆ ಏನೂ ಅಂಟುತ್ತಿರಲಿಲ್ಲ. ಎಷ್ಟು ಹೊತ್ತು ನಿಂತೆನೋ ತಿಳಿಯದು. ಕಲ್ಲಿನ ಮೇಲೆ ದೊಡ್ಡ ದೊಡ್ಡ ಹನಿಗಳು ಬೀಳುತ್ತಿದ್ದವು. ಅಷ್ಟರಲ್ಲಿ ಎದುರು ಬಾಗಿಲಿನಿಂದ ಅಕ್ಕ ಓಡಿಬಂದಳು. ಗೊರಬೆ ಸಿಗದೆ ದೊಡ್ಡ ಹಂಡೆಯನ್ನೇ ತಂದಿದ್ದಳು. ನನ್ನ ಹೂವಿನ ಮೇಲೆ ಅದನ್ನು ಕವುಚಿ, ಸುತ್ತಲೂ ಹರಿಯುವ ನೀರನ್ನು ಎರಡು ಕೈಯಲ್ಲಿ ಆಚೆ ದೂಡತೊಡಗಿದಳು.

"ಎಂತ ನೋಡ್ತಿ, ಬಾ," ಎಂದು ಕೂಗಿದಳು.

ನಾನು ಗೊರಬೆ ತೆಗೆದುಕೊಂಡು ಓಡಿದೆ. ಇಬ್ಬರೂ ಮಂಡಿಯೂರಿ ಕೂತು, ಮಳೆ ಬಿಡುವತನಕ ನೀರು ದೂಡಿದೆವು. ಅಮ್ಮನ ಹೂವಿಗೆ ಹೊಡೆಯಬಹುದೆಂದು ಹೆದರಿದ್ದ ಹೂವನ್ನು ಅವಳು ಉಳಿಸುತ್ತಿದ್ದಳು. ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ಮಳೆಗಾಲಕ್ಕೆ ಇನ್ನು ಇಪ್ಪತ್ತೈದು ದಿನವೋ ತಿಂಗಳೋ ಇರಬೇಕು, ಒಂದು ಮಧ್ಯಾಹ್ನದ ಉಬ್ಬರದಲ್ಲಿ ನನ್ನ ಹೂವು ಅಮ್ಮನ ಹೂವಿನ ಹತ್ತಿರ ತಲುಪಿತು. ಅಕ್ಕನ ಅಡಿಗೆಮನೆ ತುಂಬ ಜನ. ಬಾವ, ಇವರು, ದುಗ್ಗಣ್ಣ, ಸಣ್ಣಜ್ಜಿ. ಅಕ್ಕ ಅರಿಸಿನದ ನೀರು ಮಾಡಿಟ್ಟುಕೊಂಡಿದ್ದಳು, ಗಾಯಕ್ಕೆಂದು. ನನ್ನ ಹೂವಿನ ಎಸಳುಗಳು ಚಾಚಿದವು, ಅಮ್ಮನ ಹೂವಿನ ಎಸಳಿಗೆ ತಾಗಿದವು. ಹಿಂದೆಳೆದುಕೊಳ್ಳಲಿಲ್ಲ. ಇನ್ನಷ್ಟು ಚಾಚಿದವು. ಬಿಳಿ ಮಣಿ ಬರಲಿಲ್ಲ. ನೋಡುತ್ತಿದ್ದಂತೆ ಒಂದರ ಎಸಳು ಇನ್ನೊಂದರ ಎಸಳಿನ ನಡುವೆ ಸೇರಿ, ಯಾವುದು ಯಾವುದರದ್ದೆಂದು ತಿಳಿಯದಾಯಿತು. ದುಗ್ಗಣ್ಣ ತಮಾಷೆಗೆಂದು ಒಂದು ಸಿಗಡಿ ಎಸೆದ. ಒಂದು ಹೂವು ಅದನ್ನು ಹಿಡಿಯಿತು, ಇನ್ನೊಂದು ನುಂಗಿತು.

ಸಣ್ಣಜ್ಜಿ ಬಗ್ಗಿ ಬಹಳ ಹೊತ್ತು ನೋಡಿದಳು. "ಇದು ಎರಡಲ್ಲ," ಎಂದಳು. "ಒಂದೇ."

ಅಕ್ಕ ಅರಿಸಿನದ ಬಟ್ಟಲು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಇನ್ನೂ ಸಿಟ್ಟಿರಲಿಲ್ಲ, ಲೆಕ್ಕ ಸಿಗದವಳ ಹಾಗೆ ನೋಡಿದಳು ಅಷ್ಟೇ.

"ಬಂಡೆಯಿಂದ ತಂದದ್ದಲ್ಲ ಅಕ್ಕ," ಎಂದೆ. "ಇಲ್ಲಿಂದಲೇ ಕೊಯ್ದೆ. ನೀನು ಚಿಪ್ಪಿಗೆ ಹೋದ ದಿನ."

ಇವರು ನನ್ನ ಪಕ್ಕದಿಂದ ಸರಿದು ನಿಂತರು. ಬಾವ ಎದ್ದು ಹೊರಗೆ ಹೋಗಿ, ಜಗಲಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತರು. ನಲವತ್ತು ದಿನದ ತಣ್ಣಗಿನ ಒಲೆಯನ್ನು ಎಲ್ಲರೂ ಮರೆತಿದ್ದರು, ಕುಸಲಿಯನ್ನು ಯಾರೂ ಮರೆತಿರಲಿಲ್ಲ. ಅಕ್ಕ ಬಟ್ಟಲನ್ನು ಕೆಳಗಿಟ್ಟಳು.

"ಕುಸಲಿಗೆ ನೀನೇ ಹೋಗಿ ಹೇಳು," ಎಂದಳು. ಆಮೇಲೆ ನನ್ನೊಂದಿಗೆ ಮಾತು ನಿಲ್ಲಿಸಿದಳು.

ಊರು ನನಗೆ ಬೇರೆ ಶಿಕ್ಷೆ ಕೊಡಲಿಲ್ಲ. ಒಂದು ಹೂವಿಗೆ ಒಂದು ಒಲೆ, ಅಷ್ಟೇ. ನನ್ನ ಒಲೆಯ ಕಲ್ಲುಗಳನ್ನು ತೆಗೆದು ಬದಿಗಿಟ್ಟರು. ಮರುದಿನದಿಂದ ನಾನು ಅಕ್ಕನ ಒಲೆಯಲ್ಲಿ ಅಡಿಗೆ ಮಾಡಬೇಕಾಯಿತು. ಅವಳು ಸಾರು ಇಳಿಸುತ್ತಾಳೆ, ನಾನು ಅನ್ನಕ್ಕಿಡುತ್ತೇನೆ. ಉಪ್ಪಿನ ಪಾತ್ರೆ ಬೇಕಾದರೆ ನಾನೇ ಎದ್ದು ತೆಗೆದುಕೊಳ್ಳಬೇಕು, ಕೇಳಿದರೆ ಉತ್ತರವಿಲ್ಲ.

ಆಗರಕ್ಕೆ ಒಂದು ಹಗಲಿನ ದಾರಿ. ಕುಸಲಿ ಮೊಣಕಾಲ ತನಕ ಸೀರೆ ಎತ್ತಿಕಟ್ಟಿ ಹಲಗೆಯಲ್ಲಿ ಉಪ್ಪು ಎಳೆಯುತ್ತಿದ್ದಳು. ಬಿಸಿಲಿಗೆ ಕಪ್ಪಾಗಿ, ಸೊರಗಿ, ನನಗಿಂತ ಹಿರಿಯಳಂತೆ ಕಂಡಳು.

"ಎಂತ ಹೊನ್ನಕ್ಕ, ಇಷ್ಟು ದೂರ?"

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವಳು ಹಲಗೆ ಎಳೆಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೇಳಿದಳು, "ಯಾವ ಬದಿಯಿಂದ ಕೊಯ್ದದ್ದು?"

"ಕಾಲುವೆ ಬದಿ."

"ಬೆಳಿಗ್ಗೆಯಾ, ಮಧ್ಯಾಹ್ನವಾ?"

"ಮಧ್ಯಾಹ್ನ. ನೀರು ಪೂರಾ ಇಳಿದಿತ್ತು."

ಅವಳು ಹಲಗೆ ಕೆಳಗಿಟ್ಟಳು. "ಆ ಬೆಳಿಗ್ಗೆ ನಾನು ಪಾತ್ರೆ ತೊಳೆದ ನೀರನ್ನು ಆ ಬದಿಗೇ ಚೆಲ್ಲಿದ್ದೆ. ಬಿಸಿ ಇತ್ತಾ ತಣ್ಣಗಿತ್ತಾ ಅಂತ ಹನ್ನೊಂದು ವರ್ಷ ನೆನಪು ಮಾಡಿದೆ. ಮಂಕಾಳಕ್ಕ ಹೇಳಿದ್ದು ಸುಳ್ಳು ಅಂತ ಒಂದು ದಿನವೂ ಗಟ್ಟಿಯಾಗಿ ಹೇಳ್ಲಿಕ್ಕೆ ಆಗ್ಲಿಲ್ಲ ನನಗೆ."

"ನನ್ನದು ತಪ್ಪಾಯ್ತು ಕುಸಲಿ."

"ಅದು ಇರ್ಲಿ," ಎಂದಳು. "ನನಗೆ ಹೂವು ನೋಡ್ಬೇಕು."

ಮರುದಿನ ನನ್ನ ಜೊತೆ ಬಂದಳು. ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಅಕ್ಕ ಬಾಗಿಲಲ್ಲಿ ನಿಂತು, "ಕುಸಲಿ, ಒಳಗೆ ಬಾ, ಬಿಸಿ ಅನ್ನ ಉಂಟು," ಎಂದಳು. ಬಾವ ತಂಗಿಯ ಮುಖ ನೋಡಲಾಗದೆ ಕಂಬದ ಹಿಂದೆ ಸರಿದರು. ಕುಸಲಿ ಒಳಗೆ ಬಂದಳು, ಅನ್ನಕ್ಕಲ್ಲ. ಹೂವುಗಳ ಮುಂದೆ ಕೂತು ಕಾಲುವೆ ಬದಿಯನ್ನು ನೋಡಿದಳು. ಹಳೆಯ ಗಾಯದ ಗುರುತೂ ಉಳಿದಿರಲಿಲ್ಲ. "ಇದು ಹೇಗೆ ಬಂತು? ಯಾವ ದಾರಿಯಲ್ಲಿ?" ಎಂದು ಕೇಳಿದಳು. ತೋರಿಸಿದೆ. ಅವಳು ಆ ದಾರಿಯನ್ನೇ ಹಿಂದುಮುಂದಾಗಿ ಹಿಡಿದು, ಬಗ್ಗಿಕೊಂಡು, ಕಲ್ಲು ಕಲ್ಲನ್ನೂ ನೋಡುತ್ತ ಓಣಿಗೆ ಇಳಿದಳು. ಉಪ್ಪಿನ ಹರಳಿನಲ್ಲಿ ಕಸ ಹೆಕ್ಕಿ ಹೆಕ್ಕಿ ಅವಳ ಕಣ್ಣು ಚೂಪಾಗಿತ್ತು. ಒಗೆಯುವ ಕಲ್ಲಿನ ಬುಡದಲ್ಲಿ ನಿಂತಳು.

"ಇಲ್ಲಿ ತುಂಬ ದಿನ ಕೂತಿತ್ತಾ?"

"ಹದಿನೈದು ದಿನ."

ಅವಳು ಬೆರಳು ತೋರಿಸಿದ ಕಡೆ ನನಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಕಲ್ಲಿನ ಬಿರುಕಿನಲ್ಲಿ ಸಾಸಿವೆ ಕಾಳಿನಷ್ಟು ಮೂರು ಗುಳ್ಳೆಗಳು. ಎರಡು ಒಣಗಿದ್ದವು. ಮೂರನೆಯದಕ್ಕೆ ಅವಳು ಉಗುರಿನ ತುದಿ ತಾಗಿಸಿದಳು, ಅದು ಕುಗ್ಗಿತು.

ಸಣ್ಣಜ್ಜಿಯನ್ನು ಕರೆತಂದೆವು. "ನಡೆಯುವ ಹೂವು ಪಾದದ ಚೂರು ಬಿಟ್ಟುಹೋಗ್ತದೆ," ಎಂದಳು ಅಜ್ಜಿ. "ಯಾರೂ ಕೊಯ್ದದ್ದಲ್ಲ, ಅದಾಗಿ ಬಿಟ್ಟದ್ದು. ಇದಕ್ಕೆ ಬೇರೆ ಒಲೆ. ಕಂಡವಳದ್ದು."

ನನಗೆ ಅಲ್ಲೇ ಕೂರಬೇಕೆನಿಸಿತು. ನಾನು ಕಾದ ಆ ವರ್ಷಗಳಲ್ಲಿ ಅಮ್ಮನ ಹೂವು ಒಂದು ಗೇಣು ನಡೆದಿದ್ದರೂ ಸಾಕಿತ್ತಲ್ಲ ಎಂದುಕೊಂಡೆ. ಯಾಕೆ ನಡೆಯಲಿಲ್ಲವೋ, ಈಗ ಯಾಕೆ ನಡೆಯಿತೋ. ಬೆಳಕಿಗೆಂದು ಇವರು ಈಗಲೂ ಹೇಳುತ್ತಾರೆ.

ಕುಸಲಿ ಆಗರಕ್ಕೆ ಹಿಂದಿರುಗಲಿಲ್ಲ. ಅಕ್ಕನ ಮನೆಯನ್ನೂ ಹೊಗಲಿಲ್ಲ. ಒಗೆಯುವ ಕಲ್ಲಿನ ಪಕ್ಕ ಚಾಪೆ ಹಾಸಿದಳು. ಮಳೆ ಬಂದರೆ ಆ ಸಾಸಿವೆಕಾಳು ಉಳಿಯುವುದಿಲ್ಲವೆಂದು ದುಗ್ಗಣ್ಣ ತೆಂಗಿನ ಗರಿಯ ಚಪ್ಪರ ಹಾಕಿದ. ಬಾವ ನಾಲ್ಕು ದಿನ ಕಲ್ಲು ಹೊತ್ತು, ಉಬ್ಬರದ ನೀರಿಗೆ ತೋಡಿನ ಕಡೆ ಒಂದು ಕಿಂಡಿ ಬಿಟ್ಟು ಸುತ್ತಲೂ ಮೊಣಕಾಲೆತ್ತರದ ಗೋಡೆ ಎಬ್ಬಿಸಿ, ಮಳೆನೀರು ಹೋಗಲು ಬದಿಯಲ್ಲಿ ಗಟಾರ ತೋಡಿದರು. ಕುಸಲಿ ಅವರಿಗೆ ಬೇಡ ಎನ್ನಲೂ ಇಲ್ಲ, ಬನ್ನಿ ಎನ್ನಲೂ ಇಲ್ಲ. ಅಕ್ಕ ದಿನವೂ ಬಿಸಿ ಅನ್ನದ ತಟ್ಟೆ ಒಯ್ದಳು. "ಇದಕ್ಕೆ ಬಾಯಿ ಬರ್ಲಿ, ನಾನೇ ಬೇಯಿಸ್ತೇನೆ," ಎಂದು ಕುಸಲಿ ತಟ್ಟೆ ಹಿಂದೆ ಕಳಿಸಿ ಅವಲಕ್ಕಿ ನೆನೆಸಿಕೊಂಡಳು.

ಇಪ್ಪತ್ತೆರಡನೆಯ ದಿನ ಬೆಳಗಿನ ಉಬ್ಬರದಲ್ಲಿ ಗುಳ್ಳೆಯ ತಲೆ ಬಿರಿಯಿತು. ಬಟ್ಟೆಯ ನೂಲಿನಷ್ಟು ತೆಳ್ಳಗೆ ಹನ್ನೆರಡು ಎಸಳು. ಕುಸಲಿ ಮೂರು ಕಲ್ಲು ಹೂಡಿ ಗಂಜಿಗಿಟ್ಟಳು. ಹೊರಗೆ ಮಳೆ ಶುರುವಾಗಿತ್ತು, ಕಟ್ಟಿಗೆ ಹಸಿಯಾಗಿತ್ತು, ಹೊಗೆಗೆ ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಬೆಂದ ಮೇಲೆ ಒಂದು ಅಗುಳನ್ನು ಆರಿಸಿ ಹೂವಿಗೆ ಕೊಟ್ಟಳು. ಅಗುಳು ದೊಡ್ಡದಾಯಿತು, ಹೂವು ಅದನ್ನು ದೂಡಿಬಿಟ್ಟಿತು. ಉಗುರಿನಲ್ಲಿ ನಾಲ್ಕು ಚೂರು ಮಾಡಿ ಮತ್ತೆ ಕೊಟ್ಟಳು. ಹಿಡಿಯಿತು. ಆಮೇಲೆ ಅವಳು ಓಣಿಗೆ ಬೆನ್ನು ಮಾಡಿ ಕೂತು ಉಣ್ಣತೊಡಗಿದಳು.

ಅಕ್ಕ ತನ್ನ ಬಾಗಿಲಲ್ಲಿ, ನಾನು ಅವಳ ಹಿಂದೆ, ನಿಂತು ನೋಡುತ್ತಿದ್ದೆವು. ಕರೆಯುತ್ತಾಳೇನೋ ಎಂದು ಕಾದೆವು. ಕರೆಯಲಿಲ್ಲ. ಎರಡು ಸಲ ಬಡಿಸಿಕೊಂಡಳು, ಮೂರನೆಯ ಸಲ ಪಾತ್ರೆಯನ್ನೇ ಮುಂದಕ್ಕೆಳೆದುಕೊಂಡಳು. ಅವಳ ಬೆನ್ನು ನಿಧಾನಕ್ಕೆ ಏರಿ ಇಳಿಯುತ್ತಿತ್ತು. ಗಂಜಿ ಮುಗಿದ ಮೇಲೂ ಅವಳು ಏಳಲಿಲ್ಲ, ಒಲೆಯ ಬಿಸಿಗೆ ಎರಡೂ ಕೈ ಚಾಚಿ ಕೂತಳು.

ಅಕ್ಕ ತಿರುಗಲಿಲ್ಲ. ಓಣಿಯನ್ನೇ ನೋಡುತ್ತ ಹೇಳಿದಳು, "ಒಳಗೆ ನಮ್ಮ ಒಲೆ ಆರ್ತಾ ಉಂಟು. ಹೋಗಿ ಊದು."

ನಾನು ಹೋಗಿ ಊದಿದೆ.